ಬೇಲಿಯ ಹಣ್ಣು, ಹಕ್ಕಿಯ ದಾರಿ

(ಬೆಂಗಳೂರಿನ ಕೆಂಗೇರಿ ಉಪನಗರದಲ್ಲಿ ನೆಲೆಸಿರುವ ಮಲೆನಾಡಿನ ಕುಟುಂಬಗಳವರೂ ಅಲ್ಲಿ ಓದುತ್ತಿರುವ ನಮ್ಮ ಭಾಗದ ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ. ಊರಿನ ಓದುಗರಿಗೂ ಇದರಲ್ಲಿ ಕೆಲಸವಿದೆಯಾದ್ದರಿಂದ ಇಲ್ಲಿ ಪ್ರಕಟಿಸುತ್ತಿದ್ದೇವೆ.)



ನಾನು ಇಂದು ಇಲ್ಲಿ ನಿಲ್ಲಲು ಕಾರಣ ಒಂದು ಪ್ರಶ್ನೆ. ನಿಮ್ಮಲ್ಲಿಯೇ ಒಬ್ಬ ವಿದ್ಯಾರ್ಥಿನಿ ಕೆಲವು ತಿಂಗಳ ಹಿಂದೆ ನನ್ನನ್ನು ಕೇಳಿದ್ದರು: ಅಮೆರಿಕದಲ್ಲಿ ಜನರು ತಮ್ಮ ಮನೆಯಂಗಳದಲ್ಲಿ ಎಲ್ಡರ್‌ಬೆರಿ ಎಂಬ ನಾಡಗಿಡವನ್ನು ಬೆಳೆಸುತ್ತಾರಂತೆ, ಅದರಿಂದ ಹಕ್ಕಿಗಳು ಮರಳಿ ಬರುತ್ತವಂತೆ, ನಮ್ಮ ಉಪನಗರದ ಮನೆಯ ಮುಂದೆಯೂ ಅದನ್ನು ಬೆಳೆಸಬಹುದೇ? ನಾನು ಆಗ ‘ಬೇಡ’ ಎಂದಷ್ಟೇ ಹೇಳಿದ್ದೆ. ಅದು ಉತ್ತರವಾಗಲಿಲ್ಲವೆಂದು ಆಮೇಲೆ ಅನ್ನಿಸಿತು. ಆ ‘ಬೇಡ’ದ ಹಿಂದಿನ ಕಾರಣವನ್ನೂ, ಅದರ ಬದಲಿಗೆ ಏನು ಬೇಕೆಂಬುದನ್ನೂ ಇಂದು ವಿವರಿಸುತ್ತೇನೆ.

ಎಲ್ಡರ್ ಎಂಬುದು ಆಳೆತ್ತರವನ್ನು ಮೀರಿ ಬೆಳೆಯುವ ಪೊದೆ. ಅಮೆರಿಕದ ಜಾತಿಯೊಂದು, ಯುರೋಪಿನ ಜಾತಿಯೊಂದು ಹೆಚ್ಚು ಪ್ರಸಿದ್ಧ. ಕೊಡೆ ಬಿಚ್ಚಿದಂತೆ ಚಪ್ಪಟೆಯಾಗಿ ಹರಡಿದ ಬಿಳಿಯ ಹೂಗೊಂಚಲು, ಅನಂತರ ಮೆಣಸಿನಕಾಳಿನ ಗಾತ್ರದ ಕಪ್ಪು ನೇರಳೆ ಬಣ್ಣದ ಹಣ್ಣು. ಎಲೆ, ಕಾಂಡ, ಹಸಿಯ ಕಾಯಿಗಳಲ್ಲಿ ಸಯನೈಡನ್ನು ಬಿಡುಗಡೆ ಮಾಡುವ ಅಂಶವಿರುವುದರಿಂದ ಅಲ್ಲಿಯ ಜನ ಮಾಗಿದ ಹಣ್ಣನ್ನು ಬೇಯಿಸಿ ಪಾಕ, ಮುರಬ್ಬ ಮಾಡುತ್ತಾರೆ, ಹಸಿಯಾಗಿ ತಿನ್ನುವುದಿಲ್ಲ. ಕಾಶ್ಮೀರ, ಹಿಮಾಚಲದ ಇಳಿಜಾರುಗಳಲ್ಲಿ ಅದರ ಬಂಧುವೊಂದು ಕಾಡುಗಿಡವಾಗಿಯೇ ಇದೆ. ನಮ್ಮ ಕರ್ನಾಟಕದ ಕಾಡುಗಳಲ್ಲಿ ಅದು ಸಹಜವಾಗಿ ಬೆಳೆಯುವ ಗಿಡವಲ್ಲ.

ಅಮೆರಿಕದವರು ಅದನ್ನೇಕೆ ನೆಡುತ್ತಿದ್ದಾರೆ? ಅವರ ಊರುಗಳಲ್ಲಿ ಮನೆಯ ಸುತ್ತ ಕತ್ತರಿಸಿದ ಹುಲ್ಲುಹಾಸು, ಪರದೇಶದ ಅಲಂಕಾರದ ಪೊದೆ ಇವೆರಡೇ ಉಳಿದಿದ್ದವು. ಅಲ್ಲಿಯ ಕೀಟಗಳಿಗೆ ಆ ಎಲೆಗಳು ಪರಿಚಿತವಲ್ಲ, ಕೀಟವಿಲ್ಲದ ಕಡೆ ಮರಿಹಕ್ಕಿಗೆ ಉಣಿಸಿಲ್ಲ. ಆದ್ದರಿಂದ ವಿವೇಕವುಳ್ಳವರು ಹುಲ್ಲುಹಾಸನ್ನು ಕಿತ್ತು ತಮ್ಮ ನೆಲದ ಪೊದೆಗಳನ್ನು ಮರಳಿ ತಂದರು. ಅವರ ವಿಚಾರ ಸರಿಯಾದದ್ದು, ಗಿಡ ಮಾತ್ರ ನಮ್ಮದಲ್ಲ. ನಾವು ವಿಚಾರವನ್ನು ತೆಗೆದುಕೊಂಡು ಗಿಡವನ್ನು ಅಲ್ಲಿಯೇ ಬಿಡೋಣ.

‘ಒಂದು ಗಿಡ ತಂದು ಕುಂಡದಲ್ಲಿ ಇಟ್ಟರೆ ಏನಾದೀತು?’ ಎಂದು ಕೇಳಬಹುದು. ಹೂವಿನ ಗಿಡವಾದರೆ ಬಹುಶಃ ಏನೂ ಆಗಲಾರದು. ಹಕ್ಕಿ ತಿನ್ನುವ ಹಣ್ಣಿನ ಪೊದೆಯ ಮಾತು ಬೇರೆ. ಅದು ನಿಮ್ಮ ಕಾಂಪೌಂಡಿನೊಳಗೆ ಇರುವುದಿಲ್ಲ. ಪಿಕಳಾರವೊಂದು ಬೆಳಿಗ್ಗೆ ನಿಮ್ಮ ಅಂಗಳದಲ್ಲಿ ಹಣ್ಣು ತಿಂದು ಅಲ್ಲಿಂದ ಹಾರಿ ಇನ್ನೆಲ್ಲೋ ಕುಳಿತು ಬೀಜ ಉದುರಿಸುತ್ತದೆ. ಯಾವ ಗಿಡ ನೆಡಬೇಕೆಂದು ನೀವು ನಿಮ್ಮ ಮನೆಗೆ ಮಾತ್ರ ತೀರ್ಮಾನಿಸುತ್ತಿಲ್ಲ, ಹಕ್ಕಿ ಹಾರುವಷ್ಟು ದೂರದ ನೆಲಕ್ಕೆಲ್ಲ ತೀರ್ಮಾನಿಸುತ್ತಿದ್ದೀರಿ. ಯುರೋಪಿನ ಎಲ್ಡರ್ ಗಿಡವೇ ನ್ಯೂಜಿಲೆಂಡಿನಲ್ಲಿ ಮನೆಯಂಗಳದಿಂದ ಹೊರಬಿದ್ದು ಇಂದು ಅಲ್ಲಿ ಕಳೆಯೆನಿಸಿದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಲಂಟಾನವನ್ನು ಬ್ರಿಟಿಷರು 19ನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ತಂದದ್ದು ತೋಟದ ಅಲಂಕಾರಕ್ಕಾಗಿ. ಬಣ್ಣಬಣ್ಣದ ಹೂವು, ಬೇಲಿಗೆ ಅನುಕೂಲ, ಹಕ್ಕಿಗಳಿಗೆ ಇಷ್ಟವಾದ ಹಣ್ಣು ಎಂಬ ಇಂದಿನ ನರ್ಸರಿಯವರ ಮಾತುಗಳೆಲ್ಲ ಅದಕ್ಕೂ ಒಪ್ಪುತ್ತಿದ್ದವು. ಹಕ್ಕಿಗಳು ತಮ್ಮ ಕೆಲಸ ಮಾಡಿದವು. ಇಂದು ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ, ಬಂಡೀಪುರದಲ್ಲಿ ಅದರ ಕೆಳಗೆ ಹುಲ್ಲೂ ಏಳುವುದಿಲ್ಲ, ನೆಲ್ಲಿಯ ಸಸಿಯೂ ಏಳುವುದಿಲ್ಲ. ಸೋಲಿಗರು ಅದರ ಕಾಂಡದಿಂದ ಕುರ್ಚಿ, ಬುಟ್ಟಿ ಹೆಣೆದು ಜೀವನೋಪಾಯ ಮಾಡಿಕೊಂಡಿರುವುದು ಅವರ ಜಾಣ್ಮೆ. ಆದರೆ ಕಾಡಿನ ವಿಸ್ತಾರದ ಮುಂದೆ ಎಷ್ಟು ಕುರ್ಚಿ ಮಾಡಿದರೆ ಸಾಕಾದೀತು? ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟಗಳ ಅಂಚಿನಲ್ಲಿಯೂ ರಸ್ತೆಯ ಬದಿಯಲ್ಲಿಯೂ ಅದೇ ಲಂಟಾನ ಕವಳೆಯ ಜಾಗವನ್ನು ಹಿಡಿದು ಕುಳಿತಿದೆ.

ಕವಳೆ ಎಂದೆ. ಇಂದಿನ ನನ್ನ ಮಾತಿನ ಗಿಡ ಅದೇ. ಕೆಲವರು ಕೌಳಿ ಎನ್ನುತ್ತೀರಿ, ಉತ್ತರದ ಕಡೆಯವರು ಕವಳಿ ಎನ್ನುತ್ತೀರಿ, ಕರಾವಳಿಯಿಂದ ಬಂದವರಿಗೆ ಕರಂಡೆ. ಹೆಸರು ಕೇಳಿದೊಡನೆ ಹಿಂದಿನ ಸಾಲಿನ ತಾಯಂದಿರ ಮುಖ ಅರಳಿದ್ದನ್ನು ನೋಡಿದೆ. ಮಕ್ಕಳ ಮುಖ ಅರಳಲಿಲ್ಲ. ಅದನ್ನೂ ನೋಡಿದೆ.

ನಮ್ಮ ನೆಲದಲ್ಲಿ ಇದರ ಎರಡು ಬಗೆಗಳಿವೆ. ಒಂದು ದೊಡ್ಡ ಕಾಯಿಯದು, ಗೋಲಿಯಷ್ಟು ಇಲ್ಲವೆ ಅದಕ್ಕೂ ಸ್ವಲ್ಪ ದೊಡ್ಡದು. ಉಪ್ಪಿನಕಾಯಿಗೆ ಹಾಕುವುದು ಇದನ್ನೇ. ಇನ್ನೊಂದು ಸಣ್ಣ ಹಣ್ಣಿನ ಕುರುಚಲು ಜಾತಿ, ಬಯಲುಸೀಮೆಯ ಬಂಡೆಗಾಡಿನಲ್ಲಿ, ಹೊಲದ ಬದುವಿನಲ್ಲಿ ಮುಳ್ಳು ಚಾಚಿಕೊಂಡು ನಿಂತಿರುತ್ತದೆ. ಎರಡೂ ಕಣಗಿಲೆಯ ಕುಲಕ್ಕೆ ಸೇರಿದವು, ಎಲೆ ಮುರಿದರೆ ಬಿಳಿಯ ಹಾಲು ಒಸರುತ್ತದೆ. ಎಲೆಗಳು ಎದುರುಬದುರಾಗಿ, ದಪ್ಪವಾಗಿ, ಹೊಳಪಾಗಿರುತ್ತವೆ. ಮಲ್ಲಿಗೆಯನ್ನು ಹೋಲುವ ಬಿಳಿಯ ಹೂವಿಗೆ ಉದ್ದನೆಯ ಕೊಳವೆ, ಕತ್ತಲಾದ ಮೇಲೆ ಹೆಚ್ಚುವ ಪರಿಮಳ. ಅದು ಪತಂಗಗಳನ್ನು ಕರೆಯುವ ಹೂವು. ಬೇಸಿಗೆಯ ಮೊದಲಲ್ಲಿ ಹೂವಾದರೆ ಮಳೆ ಹಿಡಿಯುವ ಹೊತ್ತಿಗೆ ಹಣ್ಣು ಕಪ್ಪಾಗುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರಿಕೆಯನ್ನು ಗಮನಿಸಬೇಕು. ಕುಲ ಒಂದೇ ಆದರೂ ಗುಣ ಒಂದೇ ಅಲ್ಲ. ಕಣಗಿಲೆಯ ಎಲ್ಲ ಭಾಗವೂ ವಿಷ, ಹಳದಿ ಕಣಗಿಲೆಯ ಕಾಯಿಯಂತೂ ಪ್ರಾಣಕ್ಕೇ ಎರವಾಗಬಲ್ಲದು. ಉದ್ಯಾನಗಳ ಅಂಚಿನಲ್ಲಿ ಬಂಗಾರದ ಬಣ್ಣದ ಎಲೆಯ ಡ್ಯುರಾಂಟವನ್ನು ಸಾಲಾಗಿ ನೆಟ್ಟು ಕತ್ತರಿಸಿ ನಿಲ್ಲಿಸಿರುತ್ತಾರೆ. ಅಮೆರಿಕ ಖಂಡದಿಂದ ಬಂದ ಗಿಡ ಅದು, ಅದರ ಕಿತ್ತಳೆ ಬಣ್ಣದ ಗೊಂಚಲು ಮಕ್ಕಳಿಗೆ ತಿನ್ನಲು ಯೋಗ್ಯವಲ್ಲ. ಗೊತ್ತಿರುವ ಹಿರಿಯರೊಬ್ಬರು ತೋರಿಸಿಕೊಡದೆ ಯಾವ ಕಾಡುಹಣ್ಣನ್ನೂ ಬಾಯಿಗೆ ಹಾಕಬಾರದು. ಹಳ್ಳಿಯಲ್ಲಿ ಈ ಪಾಠವನ್ನು ಅಣ್ಣಂದಿರು, ಅಕ್ಕಂದಿರು ಶಾಲೆಯ ದಾರಿಯಲ್ಲಿ ಹೇಳಿಕೊಡುತ್ತಿದ್ದರು. ಈಗ ಶಾಲೆಗೆ ವ್ಯಾನು ಬರುತ್ತದೆ.

ಈಗ ಕೆಂಗೇರಿಗೆ ಬರೋಣ. ನೀವು ಕುಳಿತಿರುವ ನೆಲ ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರು ಎತ್ತರದ್ದು, ಕೆಂಪು ಮಣ್ಣು, ಅಡಿಯಲ್ಲಿ ಹಳೆಯ ಗಟ್ಟಿ ಬಂಡೆ. ಪಕ್ಕದಲ್ಲಿ ವೃಷಭಾವತಿ. ಅದು ಅರ್ಕಾವತಿಯನ್ನು ಕೂಡಿ ಕಾವೇರಿಗೆ ಸೇರುತ್ತದೆ. ಅದರ ಇಂದಿನ ಸ್ಥಿತಿಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಉತ್ತರಹಳ್ಳಿ ರಸ್ತೆಯ ಆಚೆ, ಇಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ ತುರಹಳ್ಳಿಯ ಕಾಡು ಇದೆ. ಆಗುಂಬೆಯನ್ನು ನೋಡಿ ಬಂದವರಿಗೆ ಅದು ಕಾಡೆಂದೇ ಅನ್ನಿಸಲಿಕ್ಕಿಲ್ಲ. ಬಂಡೆ, ಹುಲ್ಲು, ಮುಳ್ಳು, ನಡುನಡುವೆ ಕುಳ್ಳು ಮರ. ಆದರೆ ಈ ಸೀಮೆಯ ಸಹಜ ಕಾಡು ಅದೇ. ಕುರುಚಲು ಕಾಡು ಎಂದರೆ ಹಾಳಾದ ಕಾಡು ಎಂದು ನಾವು ಮಲೆನಾಡಿನವರು ಭಾವಿಸುವುದುಂಟು. ಅದು ತಪ್ಪು ತಿಳಿವಳಿಕೆ. 2021ರ ಫೆಬ್ರವರಿಯಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಬೆಂಗಳೂರಿನ ಜನ ಅಲ್ಲಿಗೇ ಹೋಗಿ ನಿಂತು ವಿರೋಧಿಸಿದರು, ಯೋಜನೆ ನಿಂತಿತು. ಕಾಡಿಗೆ ಉದ್ಯಾನವಾಗುವ ಅಗತ್ಯವಿಲ್ಲವೆಂದು ನಗರದ ಜನರೇ ಹೇಳಿದ್ದನ್ನು ಕೇಳಿ ನಮಗೆ ಊರಿನಲ್ಲಿ ಸಂತೋಷವಾಯಿತು.

ಕಾಡು ಉದ್ಯಾನವಾಗುವುದು ಬೇಡವೆಂದ ಮೇಲೆ ನಮ್ಮ ಉದ್ಯಾನ ಒಂದಿಷ್ಟು ಕಾಡಾಗಬಾರದೇಕೆ? ನಿಮ್ಮ ಅಂಗಳದ ಪಿಕಳಾರ ತುರಹಳ್ಳಿಗೂ ಜ್ಞಾನಭಾರತಿಯ ಆವರಣಕ್ಕೂ ನಡುವಿನ ಆಕಾಶದಲ್ಲಿ ಹಾರುವ ಹಕ್ಕಿ. ಅದರ ಹೊಟ್ಟೆಯಲ್ಲಿ ಲಂಟಾನದ ಬೀಜ ಹೋಗಬೇಕೇ, ಕವಳೆಯ ಬೀಜ ಹೋಗಬೇಕೇ ಎಂಬುದರಲ್ಲಿ ನಿಮ್ಮ ಮೂವತ್ತು ನಲವತ್ತರ ನಿವೇಶನಕ್ಕೂ ಪಾಲಿದೆ.

ಇಷ್ಟು ಒಳ್ಳೆಯ ಗಿಡ ನಮ್ಮ ಕಣ್ಣಿಂದ ಮರೆಯಾದದ್ದು ಹೇಗೆ? ಇದನ್ನು ನಾನು ಊರಿನವರ ಪರವಾಗಿ ಸ್ವಲ್ಪ ತಲೆ ತಗ್ಗಿಸಿಯೇ ಹೇಳಬೇಕು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಜನರು ಮರಗಳನ್ನು ಅಪ್ಪಿ ನಿಂತಾಗ ಅಪ್ಪಿಕೋ ಚಳವಳಿ ಹುಟ್ಟಿತು. ‘ಉಳಿಸು, ಬೆಳೆಸು, ಬಳಸು’ ಎಂಬುದು ಅದರ ಘೋಷಣೆ. ಮರಕ್ಕೆ ಕೊಡಲಿ ಬೀಳುತ್ತದೆ, ಸದ್ದಾಗುತ್ತದೆ, ಜನ ಓಡಿ ಬರುತ್ತಾರೆ. ಪೊದೆ ಕಣ್ಮರೆಯಾಗುವಾಗ ಸದ್ದಾಗುವುದಿಲ್ಲ. ಕವಳೆಯನ್ನು ಯಾವ ಗುತ್ತಿಗೆದಾರನೂ ಕಡಿದು ಲಾರಿಯಲ್ಲಿ ತುಂಬಲಿಲ್ಲ. ನಾವು ಬೇಲಿಯನ್ನು ಬದಲಿಸಿದೆವು, ಅಷ್ಟೇ. ವರ್ಷಕ್ಕೊಮ್ಮೆ ಮುಳ್ಳು ಕಡಿದು, ಸಂದು ಮುಚ್ಚಿ ಬೇಲಿ ಕಟ್ಟುವ ಆಳು ಸಿಗದಾದಾಗ ಸಿಮೆಂಟಿನ ಕಂಬ, ಮುಳ್ಳುತಂತಿ ಬಂತು. ಆಮೇಲೆ ಐಬೆಕ್ಸ್ ಬೇಲಿ ಬಂತು. ಅದರ ತಂತಿಗೆ ಎಲೆ ತಾಗಬಾರದೆಂದು ಅಡಿಯ ಗಿಡವನ್ನೆಲ್ಲ ಸವರಬೇಕಾಯಿತು, ಈಚೆಗೆ ಕಳೆನಾಶಕವನ್ನೂ ಹೊಡೆಯುತ್ತಿದ್ದಾರೆ. ಬೇಲಿ ಹೋದಾಗ ಬೇಲಿಯಲ್ಲಿದ್ದ ಕವಳೆ, ಕಾರೆ, ಕೇಪಳ, ಬೇಲಿಯಲ್ಲಿ ಗೂಡು ಕಟ್ಟುತ್ತಿದ್ದ ಪಿಕಳಾರ, ಬೇಲಿಯ ಬುಡದಲ್ಲಿದ್ದ ಓತಿಕ್ಯಾತ ಎಲ್ಲವೂ ಹೋದವು. ಮೂರು ಮಾತಿನ ಘೋಷಣೆಯಲ್ಲಿ ನಾವು ಮೊದಲು ಕೈಬಿಟ್ಟದ್ದು ಕೊನೆಯ ಮಾತನ್ನು. ಬಳಸುವುದನ್ನು ಬಿಟ್ಟೆವು, ಆಮೇಲೆ ಬೆಳೆಸುವುದಕ್ಕೆ ಕಾರಣ ಉಳಿಯಲಿಲ್ಲ, ಕೊನೆಗೆ ಉಳಿಸಲಿಕ್ಕೆ ಗಿಡವೇ ಉಳಿಯಲಿಲ್ಲ.

ನಾವು ಕವಳೆಯನ್ನು ತಿನ್ನುವುದನ್ನು ಪೂರ್ತಿ ಬಿಟ್ಟಿದ್ದೇವೆ ಎಂದರೂ ಸುಳ್ಳಾಗುತ್ತದೆ. ಬೇಕರಿಯ ಕೇಕಿನ ಮೇಲೆ, ಬೀಡಾದ ಒಳಗೆ ಇಡುವ ಕೆಂಪು ಚೆರ್ರಿಯನ್ನು ನೋಡಿದ್ದೀರಲ್ಲವೇ? ನಮ್ಮಲ್ಲಿ ಹಾಗೆ ಮಾರುವುದು ಬಹುಮಟ್ಟಿಗೆ ಚೆರ್ರಿ ಹಣ್ಣಲ್ಲ, ಕರಂಡೆಯ ಕಾಯಿ. ಬೀಜ ತೆಗೆದು, ಸಕ್ಕರೆಯ ಪಾಕದಲ್ಲಿ ನೆನೆಸಿ, ಕೆಂಪು ಬಣ್ಣ ಹಾಕಿದ್ದು. ಅಜ್ಜಿಯ ಬೇಲಿಯ ಕಾಯಿ ಪರದೇಶದ ಹೆಸರಿಟ್ಟುಕೊಂಡು ನಿಮ್ಮ ಮಗುವಿನ ಹುಟ್ಟುಹಬ್ಬಕ್ಕೆ ಬಂದಿರುತ್ತದೆ, ನಮಗೆ ಗುರುತು ಸಿಗುವುದಿಲ್ಲ.

ಇನ್ನು ಬೆಳೆಸುವ ವಿಷಯ. ಮೊದಲಿಗೆ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ನನ್ನ ತಂಗಿಯ ಮನೆ ಇದೇ ಉಪನಗರದಲ್ಲಿದೆ. ಮನೆ ಕಟ್ಟಿಸಿದ ವರ್ಷ ನಾನು ಊರಿನ ಬೆಟ್ಟದಿಂದ ಮೊಣಕಾಲೆತ್ತರದ ನಾಲ್ಕು ಕವಳೆ ಗಿಡಗಳನ್ನು ಅಗೆದು, ಗೋಣಿಯಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ತಂದು ನೆಟ್ಟೆ. ತಿಂಗಳೊಳಗೆ ನಾಲ್ಕೂ ಒಣಗಿದವು. ಗಿಡ ಮೇಲೆ ಮೊಣಕಾಲೆತ್ತರವಿದ್ದರೂ ಬೇರು ಎಷ್ಟೋ ಆಳಕ್ಕೆ ಇಳಿದಿರುತ್ತದೆ, ಅಗೆಯುವಾಗ ಅದನ್ನು ಕತ್ತರಿಸಿಯೇ ತಂದಿದ್ದೆ. ಬೆಟ್ಟದಲ್ಲಿ ನಾಲ್ಕು ಗುಂಡಿ, ಇಲ್ಲಿ ನಾಲ್ಕು ಕಡ್ಡಿ. ನಾಡಗಿಡವನ್ನು ಬೆಳೆಸುವ ಹೆಸರಿನಲ್ಲಿ ಕಾಡಿನ ಗಿಡವನ್ನು ಕೀಳುವುದು ಕಳ್ಳತನವೂ ಹೌದು, ದಡ್ಡತನವೂ ಹೌದು. ಮೀಸಲು ಅರಣ್ಯದಲ್ಲಾದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಆದ್ದರಿಂದ ಬೀಜದಿಂದಲೇ ಬೆಳೆಸಬೇಕು. ಕವಳೆಯ ಬೀಜಕ್ಕೆ ಒಂದು ಸ್ವಭಾವವಿದೆ: ಅದು ಕಾಯುವುದಿಲ್ಲ. ರಾಗಿಯಂತೆ ಡಬ್ಬಿಯಲ್ಲಿ ತುಂಬಿಟ್ಟು ಮುಂದಿನ ವರ್ಷ ಬಿತ್ತುತ್ತೇನೆಂದರೆ ಮೊಳೆಯದು. ಪೂರ್ತಿ ಕಪ್ಪಾದ ಹಣ್ಣನ್ನು ತಂದು, ಹಿಸುಕಿ, ಅಂಟು ಹೋಗುವವರೆಗೆ ತೊಳೆದು, ನೆರಳಿನಲ್ಲಿ ಒಂದೆರಡು ದಿನ ಆರಿಸಿ ಕೂಡಲೇ ಬಿತ್ತಬೇಕು. ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದ ಚೀಲದಲ್ಲಿ ಅರ್ಧ ಇಂಚು ಆಳ ಸಾಕು. ಹಾಲಿನ ಖಾಲಿ ಪ್ಯಾಕೆಟ್ಟಿಗೆ ಅಡಿಯಲ್ಲಿ ತೂತು ಮಾಡಿದರೂ ನಡೆಯುತ್ತದೆ. ಕೆಲವು ವಾರಗಳಲ್ಲಿ ಮೊಳಕೆ ಬರುತ್ತದೆ. ಮೊದಲ ವರ್ಷ ಸಸಿ ಏಳುವುದೇ ಇಲ್ಲವೇನೋ ಎನ್ನುವಷ್ಟು ನಿಧಾನ. ಆಗ ಅದು ಬೇರಿನ ಕೆಲಸ ಮಾಡುತ್ತಿರುತ್ತದೆ. ಮರುವರ್ಷದ ಮುಂಗಾರಿನಲ್ಲಿ ನೆಲಕ್ಕೆ ಇಳಿಸಬೇಕು. ಕಡ್ಡಿ ನೆಟ್ಟು ಬರಿಸುವುದು ಕಷ್ಟ. ಗೂಟಿ ಕಟ್ಟಿ ಬೇರು ಬರಿಸುವುದನ್ನು ಬಲ್ಲವರು ಅದನ್ನು ಪ್ರಯತ್ನಿಸಬಹುದು.

ಜಾಗ ಬಿಸಿಲಿನದಾಗಿರಬೇಕು, ನೀರು ನಿಲ್ಲಬಾರದು. ಈ ಎರಡು ಇದ್ದರೆ ಮಣ್ಣು ಎಂಥದಾದರೂ ಆದೀತು. ಬೇಲಿಯ ಸಾಲಾದರೆ ಎರಡು ಮೂರು ಅಡಿಗೊಂದು ಗಿಡ. ಒಂಟಿ ಪೊದೆಯಾದರೆ ಸುತ್ತ ಐದಾರು ಅಡಿ ಬಿಡಿ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ನೀರು, ಬುಡಕ್ಕೆ ತರಗೆಲೆಯ ಹೊದಿಕೆ. ಆಮೇಲೆ ಅದು ನಿಮ್ಮನ್ನು ನೀರು ಕೇಳುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರಿನಲ್ಲಿ ಇದು ಸಣ್ಣ ಗುಣವಲ್ಲ. ಮೂರನೆಯ ವರ್ಷದ ಹೊತ್ತಿಗೆ ಹೂವು ಕಾಣಬಹುದು.

ಕತ್ತರಿಸುವುದರಲ್ಲಿ ಒಂದು ಗುಟ್ಟಿದೆ. ಹೂವು ಬರುವುದು ರೆಂಬೆಯ ತುದಿಯಲ್ಲಿ. ಸಂಕ್ರಾಂತಿಯ ಹೊತ್ತಿಗೆ ಅಂದವಾಗಿ ಕಾಣಲೆಂದು ತುದಿಯನ್ನೆಲ್ಲ ಸವರಿದರೆ ಆ ವರ್ಷ ಗಿಡ ಹಸಿರಾಗಿರುತ್ತದೆ, ಹಣ್ಣು ಮಾತ್ರ ಇರುವುದಿಲ್ಲ. ಹಣ್ಣು ಮುಗಿದ ಮೇಲೆ, ಶ್ರಾವಣದ ಸುಮಾರಿಗೆ ಕತ್ತರಿಸಿ. ಚಿಗುರಿ ಬಲಿಯಲು ಅದಕ್ಕೆ ಸಮಯ ಸಿಗುತ್ತದೆ.

ಮಾಗದ ಕಾಯಿಯಲ್ಲಿ ಹಾಲಿನ ಅಂಟು ಇರುತ್ತದೆ, ಸೀಳಿ ಉಪ್ಪುನೀರಿನಲ್ಲಿ ನೆನೆಹಾಕಿದರೆ ಬಿಡುತ್ತದೆ. ಉಪ್ಪಿನಕಾಯಿ, ಚಟ್ನಿ, ಗೊಜ್ಜು ಇವುಗಳ ಅಳತೆಯನ್ನು ನಾನು ಹೇಳಹೊರಟರೆ ಹಿಂದಿನ ಸಾಲಿನಿಂದ ತಿದ್ದುಪಡಿ ಬರುವುದು ಖಂಡಿತ, ಆದ್ದರಿಂದ ಅಲ್ಲಿಗೇ ಬಿಡುತ್ತೇನೆ.

ಜಾಗವೇ ಇಲ್ಲ ಎಂಬುದು ನಾನು ಇಲ್ಲಿ ಹೆಚ್ಚಾಗಿ ಕೇಳುವ ಮಾತು. ಗೋಡೆಗೂ ಕಾಂಪೌಂಡಿಗೂ ನಡುವೆ ಮೂರಡಿ, ಅದಕ್ಕೂ ಸಿಮೆಂಟು ಹಾಕಿದ್ದೀರಿ. ಗೇಟಿನ ಪಕ್ಕದಲ್ಲಿ ಎರಡಡಿ ಚೌಕ ಸಿಮೆಂಟನ್ನು ಒಡೆದರೆ ಒಂದು ಪೊದೆಗೆ ಸಾಕು, ಮಳೆಯ ನೀರೂ ಅಷ್ಟು ಇಂಗುತ್ತದೆ. ಅದೂ ಆಗದಿದ್ದರೆ ತಾರಸಿಯಲ್ಲಿ ಅರ್ಧ ಡ್ರಮ್ಮು. ಮುಳ್ಳಿನ ಭಯ ಸಹಜವಾದದ್ದು. ಚಿಕ್ಕ ಮಕ್ಕಳು ಓಡಾಡುವ ದಾರಿಗೆ ತಾಗಿ ನೆಡಬೇಡಿ. ಆದರೆ ಆ ಮುಳ್ಳೇ ಬೆಕ್ಕಿನಿಂದ ಹಕ್ಕಿಯ ಗೂಡನ್ನು ಕಾಯುವುದು. ಕಾಂಪೌಂಡಿನ ಮೇಲೆ ಗಾಜಿನ ಚೂರು ಹುಗಿದಿರುವ ಮನೆಯವರು ಮುಳ್ಳಿನ ಬಗ್ಗೆ ಆಕ್ಷೇಪಿಸಿದಾಗ ಮಾತ್ರ ನನಗೆ ನಗು ಬರುತ್ತದೆ.

ಕವಳೆಯೊಂದನ್ನೇ ಎಲ್ಲರೂ ನೆಡಬೇಕೆಂದು ನಾನು ಹೇಳುತ್ತಿಲ್ಲ. ಊರೆಲ್ಲ ಒಂದೇ ಗಿಡವಾದರೆ ಏನಾಗುತ್ತದೆಂಬುದನ್ನು ನೀಲಗಿರಿ, ಅಕೇಶಿಯಾಗಳಲ್ಲಿ ನೋಡಿದವರು ನಾವು. ಕಾರೆ ಇದೆ, ಲಕ್ಕಿ ಇದೆ, ತಂಗಡೆ ಇದೆ. ಮಲೆನಾಡಿನ ಅಂಗಳಕ್ಕೆ ಕೇಪಳವಿದೆ. ಕೇಪಳದ ವಿಷಯದಲ್ಲಿ ಒಂದು ಮಾತು: ನರ್ಸರಿಯ ಕುಳ್ಳು ಇಕ್ಸೋರಾವನ್ನು ತಂದು ಕೇಪಳವೆಂದು ತಿಳಿಯಬೇಡಿ. ಅದರಲ್ಲಿ ಹೂವೇ ಹೂವು, ಹಣ್ಣು ಕಚ್ಚುವುದು ಅಪರೂಪ. ಹಕ್ಕಿಗೆ ಅದು ಖಾಲಿ ತಟ್ಟೆ.

ಊರಿನ ಓದುಗರಿಗೂ ಒಂದು ಮಾತು ಸೇರಿಸಬೇಕಾಗಿದೆ. ನಗರದಲ್ಲಿ ನಾಡಗಿಡಗಳಿಗೆ ಬೇಡಿಕೆ ಬಂದಿದೆಯೆಂದು ಕೇಳಿ ಬೆಟ್ಟದ ಗಿಡವನ್ನು ಬೇರುಸಹಿತ ಕಿತ್ತು ಲಾರಿಗೆ ಏರಿಸುವ ದಂಧೆ ನಮ್ಮಲ್ಲಿ ಆರಂಭವಾಗದಂತೆ ನೋಡಿಕೊಳ್ಳುವ ಹೊಣೆ ನಮ್ಮದು. ಬೇಲಿಗೆ ತಂತಿ ಹಾಕಿದವರು ತಂತಿಯನ್ನು ಕೀಳಬೇಕೆಂದು ನಾನು ಹೇಳಲಾರೆ. ಕಾಡುಹಂದಿಯ ಕಾಟ ನನಗೂ ಗೊತ್ತಿದೆ. ತಂತಿಯಿಂದ ನಾಲ್ಕಡಿ ಒಳಗೆ ಒಂದು ಸಾಲು ಕವಳೆಗೆ ಜಾಗ ಬಿಡಬಹುದು. ಅಲ್ಲಿಗೆ ಕಳೆನಾಶಕ ಹೊಡೆಯದಿದ್ದರೆ ಕೆಲವು ಕಡೆ ನೆಡುವ ಕೆಲಸವೂ ಇರುವುದಿಲ್ಲ, ಹಳೆಯ ಬುಡವೇ ಚಿಗುರೀತು.

ನೀವು ಗಮನಿಸಿರಬಹುದು, ನಾನು ಇಂದು ಬರಿಗೈಯಲ್ಲಿ ಬಂದಿದ್ದೇನೆ. ನಮ್ಮ ಊರಿನ ದೊಡ್ಡ ಕಾಯಿಯ ಕವಳೆಯ ಸಸಿಗಳನ್ನು ತರಬೇಕೆಂದು ಕೆಲವರು ಹೇಳಿಕಳುಹಿಸಿದ್ದಿರಿ. ಅಷ್ಟು ಮಳೆಯ ನೆಲದಿಂದ ಇಷ್ಟು ಮಳೆಯ ನೆಲಕ್ಕೆ ತರುವುದಕ್ಕಿಂತ ಈ ಸೀಮೆಯ ಕವಳೆಯನ್ನೇ ಹುಡುಕುವುದು ಸರಿ. ಮಾಗಡಿ, ರಾಮನಗರ, ಕನಕಪುರದ ಕಡೆ ನಿಮ್ಮ ಸ್ನೇಹಿತರ ಹೊಲಗಳಿರುತ್ತವೆ. ಅವರ ಬದುವಿನಲ್ಲಿ ಸಣ್ಣ ಹಣ್ಣಿನ ಗಿಡ ಇದ್ದೇ ಇರುತ್ತದೆ; ಅವರನ್ನು ಕೇಳಿ ಒಂದು ಬೊಗಸೆ ಹಣ್ಣು ತನ್ನಿ, ಉಳಿದದ್ದನ್ನು ಹಕ್ಕಿಗೆ ಬಿಡಿ. ಒಂದೇ ಗಿಡದಿಂದ ತರದೆ ಐದಾರು ಗಿಡಗಳಿಂದ ಸ್ವಲ್ಪ ಸ್ವಲ್ಪ ತಂದರೆ ಒಳ್ಳೆಯದು. ಜೂನ್ ತಿಂಗಳು ಅದಕ್ಕೆ ಸರಿಯಾದ ಕಾಲ. ಹಣ್ಣು ತರುವವರು ಯಾರು, ತಮ್ಮ ತಾರಸಿಯಲ್ಲಿ ಒಂದು ವರ್ಷ ಸಸಿಗಳನ್ನು ನೋಡಿಕೊಳ್ಳುವವರು ಯಾರು ಎಂದು ಸಭೆ ಮುಗಿಯುವ ಮುನ್ನ ಹೆಸರು ಬರೆದುಕೊಳ್ಳೋಣ. ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯ ಹೆಸರನ್ನು ನಾನು ಈಗಾಗಲೇ ಮೊದಲಿಗೆ ಬರೆದಿದ್ದೇನೆ, ಅವರು ಒಪ್ಪುವುದಾದರೆ.